ಎರಡನೆಯ ಗುಂಡು

ಬಿದ್ದಪ್ಪನವರ ಎರಡು ಸೆಮಿ ಆಟೋಮ್ಯಾಟಿಕ್ ರೈಫಲ್‌ಗಳು ಜಗಲಿಯ ಚಾಪೆಯ ಮೇಲಿದ್ದವು. ಮರದ ಹಿಡಿಯದ್ದು ಅಪ್ಪನ ಕಾಲದ್ದು, ಕರಿಯದು ಹೋದ ವರ್ಷ ಕೊಂಡದ್ದು. ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ ಬಿಟ್ಟರೆ ಅವಕ್ಕೆ ಆ ಮನೆಯಲ್ಲಿ ಎರಡೇ ಕೆಲಸ: ಗಂಡುಮಗು ಹುಟ್ಟಿದರೆ ಗಾಳಿಗೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು.

ಬಂದೂಕೆಂದರೆ ಮಾರು ದೂರ ನಿಲ್ಲುತ್ತಿದ್ದ ತಮ್ಮನ ಮಗ ಉತ್ತಯ್ಯ, ದೊಡ್ಡಪ್ಪನನ್ನು ಮೈಸೂರಿನ ಡಾಕ್ಟರಿಗೆ ತೋರಿಸಿಕೊಂಡು ಬಂದಾಗಿನಿಂದ ಅವುಗಳ ಸುತ್ತಲೇ ಸುಳಿದಾಡುತ್ತಿದ್ದ. ಮಾರುವ ಹುನ್ನಾರವೇ ಇರಬೇಕೆಂದು ಬಿದ್ದಪ್ಪನವರ ಗುಮಾನಿ.

“ಎರಡರಲ್ಲಿ ಯಾವುದು ಮೇಲು, ದೊಡ್ಡಪ್ಪ?”

“ಯಾಕೆ, ಗಿರಾಕಿ ಸಿಕ್ಕಿದನಾ?”

“ಛೆ! ಹಾರಿಸೋದು ಕಲಿಯೋಣ ಅಂತ.”

“ಮೂವತ್ತು ವರ್ಷ ಇಲ್ಲದ ಆಸೆ!”

ಆದರೂ ರೈಫಲ್ಲಿನ ಮಾತು ಬಂದರೆ ಅವರ ಬಾಯಿ ನಿಲ್ಲುವಂಥದ್ದಲ್ಲ. “ಗುರಿಗೆ ಹಳೆಯದೇ. ಭಾರ ಇದೆ, ಹೆಗಲಿಗೆ ಕೂತರೆ ಅಲುಗಲ್ಲ. ಆದ್ರೆ ಮೊದಲನೇದು ಹಾರಿದ ಮೇಲೆ ಖಾಲಿ ತೋಟಾ ಒಳಗೇ ಕಚ್ಚಿಕೊಳ್ಳುತ್ತೆ. ಅಪ್ಪ ಹೋದ ದಿನ ಎರಡನೇ ಗುಂಡು ಹಾರದೆ ಊರ ಮುಂದೆ ತಲೆ ತಗ್ಗಿಸಿದ್ದೆ. ಹೊಸದು ಆಟಿಕೆ ಥರ ಹಗುರ, ಆದ್ರೆ ಒಂದು ಸಲವೂ ಕಚ್ಚಿಲ್ಲ.”

ಉತ್ತಯ್ಯ ಕರಿಯದನ್ನು ಎತ್ತಿಕೊಂಡ.

ಬಿದ್ದಪ್ಪನವರಿಗೆ ತಟ್ಟನೆ ಹೊಳೆಯಿತು. ಇವನ ಹೆಂಡತಿಗೆ ತಿಂಗಳು ತುಂಬಿದೆ! ಅವರು ಜೋರಾಗಿ ನಕ್ಕುಬಿಟ್ಟರು.

“ಹುಟ್ಟೋ ಮಗುವಿಗೆ ಅಂತ ಮೊದಲೇ ಹೇಳಬಾರದಿತ್ತೇನೋ? ಹಳೆಯದನ್ನೇ ತಗೋ. ಒಂದು ಗುಂಡಿಗೆ ಅದು ಯಾವತ್ತೂ ಕೈಕೊಟ್ಟಿಲ್ಲ.”

ಉತ್ತಯ್ಯ ಕರಿಯದನ್ನು ಕೆಳಗಿಡಲಿಲ್ಲ, ಮುಖ ಎತ್ತಲೂ ಇಲ್ಲ.

“ಎರಡು ಹಾರಿಸಬೇಕಾದರೆ, ದೊಡ್ಡಪ್ಪ?”