ಟೆಯೋನ ಚುರುಕು ಕಣ್ಣು

ಮುದುಕ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಇನ್ನೊಂದನ್ನು ಮಾನಿಟರ್ ಪರದೆಯ ಅಂಚಿಗೆ ತಂದು ಓರೆಯಾಗಿ ನೋಡುತ್ತಿದ್ದ.

"ಯಜಮಾನ್ರೇ, ಎದುರಿಗೆ ನಿಂತು ನೋಡಿ. ಪಕ್ಕದಿಂದ ಯಾರು ನೋಡ್ತಾರೆ?" ಎಂದಳು ಫ್ಲೋರ್ಮಿರಾ.

"ಟೆಯೋ ಹೀಗೇ ನೋಡೋದು ತಾಯಿ. ಅವನಿಗೋಸ್ಕರನೇ ತಗೊಳ್ತಿರೋದು."

ಲಿಮಾ ನಗರದ ವಿಲ್ಸನ್ ಬೀದಿಯ ಕಂಪ್ಯೂಟರ್ ಅಂಗಡಿಗಳ ಗ್ಯಾಲರಿಯಲ್ಲಿ ಫ್ಲೋರ್ಮಿರಾಳದು ಇಬ್ಬರು ಒಟ್ಟಿಗೆ ನಿಂತರೆ ಮೊಣಕೈ ತಾಗುವಷ್ಟು ಮಳಿಗೆ. ಗೇಮಿಂಗ್ ಮಾನಿಟರ್ ಕೇಳಿಕೊಂಡು ಬರುವವರೆಲ್ಲ ಹುಡುಗರು, ಇಲ್ಲವೇ ಹುಡುಗರ ಕಾಟ ತಾಳಲಾರದ ಹೆತ್ತವರು. ಎಪ್ಪತ್ತು ದಾಟಿದ ಈ ಅಬುಂಡಿಯೊ ಬಂದವನೇ ಅತಿ ವೇಗದ್ದನ್ನು ತೋರಿಸು ಎಂದಿದ್ದ.

"ಅಜ್ಜ ಮುಂದಿನ ವರ್ಷ ಚಾಂಪಿಯನ್ ಆಗ್ತಾರೆ, ನೋಡ್ತಿರು!" ಎಂದು ಎದುರು ಮಳಿಗೆಯ ರುಫಿನೊ ಕೂಗಿದ.

"ನೀನು ನಿನ್ನ ಇಲಿಗಳನ್ನ ಮಾರ್ಕೋ ಹೋಗಯ್ಯಾ," ಎಂದು ಫ್ಲೋರ್ಮಿರಾ ಅವನ ಮೌಸ್‌ಗಳ ರಾಶಿಯತ್ತ ಕೈ ಬೀಸಿದಳು. ಮುದುಕನ ಕಡೆ ತಿರುಗಿ, "ಟೆಯೋಗೆ ಎಷ್ಟು ವಯಸ್ಸು?" ಎಂದಳು.

"ಹನ್ನೊಂದು ತುಂಬಿತು."

"ನನ್ನ ಮಗನಿಗೂ ಅಷ್ಟೇ. ಮೊಮ್ಮಗನಾ?"

"ಮಗನಿಗಿಂತ ಹೆಚ್ಚು. ನನ್ನ ಹೆಂಡತಿ ಎರ್ಮೆಲಿಂಡಾ ಅಂಗೈಯಲ್ಲಿಟ್ಟು ಸಾಕಿದ್ದು. ಅವಳೀಗ ಮಗಳ ಬಾಣಂತನಕ್ಕೆ ಅರೆಕಿಪಾಗೆ ಹೋಗಿದ್ದಾಳೆ. ಅವತ್ತಿನಿಂದ ಇವನಿಗೆ ಮಾತಿಲ್ಲ, ಸರಿಯಾಗಿ ಊಟ ಇಲ್ಲ. ಏನಿಟ್ಟರೂ ಚೂರು ಕೆದಕಿ ಬಿಟ್ಟುಬಿಡ್ತಾನೆ. ತೂಕ ಇಳಿದುಹೋಗಿದೆ. ಅವಳು ಬರೋದು ಇನ್ನೂ ಎರಡು ತಿಂಗಳಿಗೆ. ಅಲ್ಲೀವರೆಗೆ ಹೇಗಾದರೂ ತಿನ್ನಿಸಬೇಕಲ್ಲ?"

"ಫೋನಿನಲ್ಲಿ ಅಜ್ಜೀನ ತೋರಿಸಿದ್ರಾ?"

"ಅದಕ್ಕೂ ಬೆನ್ನು ಹಾಕ್ತಾನೆ. ಡಾಕ್ಟರ್ ಹೇಳಿದರು, ಅವನ ಕಣ್ಣು ನಮ್ಮದಕ್ಕಿಂತ ಚುರುಕಂತೆ. ನಮಗೆ ಸರಾಗವಾಗಿ ಓಡೋ ಚಿತ್ರ ಅವನಿಗೆ ತಡವರಿಸುತ್ತಂತೆ. ನಮ್ಮ ಅಳಿಯ ಓಟದ ಪಂದ್ಯಗಳನ್ನ ಚಿತ್ರ ಹಿಡಿಯೋನು. ವೇಗದ ಕ್ಯಾಮೆರಾದಲ್ಲಿ ಎರ್ಮೆಲಿಂಡಾನ ವಿಡಿಯೋ ಹಿಡಿದು ಕಳಿಸಿದ್ದಾನೆ. ಇನ್ನು ಅದಕ್ಕೆ ತಕ್ಕ ಪರದೆ ಬೇಕು."

ಫ್ಲೋರ್ಮಿರಾಗೆ ನಗು ತಡೆಯಲಾಗಲಿಲ್ಲ. ಅವಳ ಮಗ ವೇಗದ ಪರದೆ ಬೇಕೆಂದು ಗಣಿತದ ಪಾಠದ ನೆಪ ಹೇಳಿದ್ದ. ಈ ಹುಡುಗ ಅಜ್ಜಿಯ ನೆನಪನ್ನೇ ಮುಂದಿಟ್ಟಿದ್ದಾನೆ, ಸಾಲದ್ದಕ್ಕೆ ಡಾಕ್ಟರ ಬಾಯಲ್ಲೂ ಹೇಳಿಸಿದ್ದಾನೆ! ಆದರೂ ಮುದುಕನ ಕಣ್ಣ ಕೆಳಗಿನ ಕಪ್ಪು ನೋಡಿ ಅವಳು ನಗು ನಿಲ್ಲಿಸಿದಳು. ಊಟ ಬಿಟ್ಟ ಮಗುವಿನ ಮುಂದೆ ತಟ್ಟೆ ಹಿಡಿದು ಕೂರುವ ಕಷ್ಟ ಅವಳಿಗೆ ಗೊತ್ತು.

ಬಾಗಿದ ಪರದೆ ತೋರಿಸಿದಳು. ಪಕ್ಕದಿಂದ ಬಣ್ಣ ಮಾಸುತ್ತದೆ ಎಂದ. ಇನ್ನೊಂದರಲ್ಲಿ ಚೆಂಡು ಓಡಿಸಿದಳು. ಚೆಂಡಿನ ಹಿಂದೆ ಮಸಿಯ ಬಾಲ ಎಳೆಯುತ್ತಿದೆ ಎಂದ. ಮೂರನೆಯದು ಚಪ್ಪಟೆ, ಸೆಕೆಂಡಿಗೆ ಇನ್ನೂರ ನಲವತ್ತು ಚಿತ್ರ ಬದಲಿಸುವಂಥದ್ದು. ಅದರಲ್ಲಿ ಚೆಂಡು ಕಡೆದಿಟ್ಟಂತೆ ಸ್ಪಷ್ಟವಾಗಿ ಓಡಿತು. ಮುದುಕ ಎರಡೂ ಕಡೆಯಿಂದ ಓರೆಯಾಗಿ ನೋಡಿ ಬೆಲೆ ಕೇಳಿದ. ಒಮ್ಮೆ ಕೆಮ್ಮಿದ. ಕೊಂಡ.

"ಜೊತೆಗೆ ಬರೋ ವಯರನ್ನೇ ಹಾಕಿ. ಮನೇಲಿರೋ ಹಳೇದು ಬೇಡ," ಎಂದು ಫ್ಲೋರ್ಮಿರಾ ಎರಡು ಸಲ ಹೇಳಿ ಕಳಿಸಿದಳು.

"ವಯರು ಸಿಗದ ಹಾಗೆ ಇಡ್ತೀನಿ ತಾಯಿ. ಬೇಜಾರಾದರೆ ಕಚ್ಚಿ ಹಾಕ್ತಾನೆ."

'ಎಂಥ ಮುದ್ದು ಮಾಡಿ ಕೆಡಿಸಿದ್ದಾರಪ್ಪಾ!' ಎಂದುಕೊಂಡಳು.

ಮರುದಿನ ಬೆಳಗ್ಗೆ ಫೋನು ಬಂತು. "ನೋಡಲ್ಲ ತಾಯಿ. ಗೋಡೆ ಕಡೆ ಮುಖ ಮಾಡಿ ಕೂತಿದ್ದಾನೆ. ಇವತ್ತು ಏನೂ ಮುಟ್ಟಿಲ್ಲ." ದನಿ ಕುಸಿದಿತ್ತು.

ಫ್ಲೋರ್ಮಿರಾಗೆ ಥಟ್ಟನೆ ಹೊಳೆಯಿತು. ಪರದೆ ವೇಗದ್ದಾದರೂ ಕಂಪ್ಯೂಟರಿಗೆ ಅದನ್ನು ಹೇಳಿಕೊಡಬೇಕು. ಇಲ್ಲದಿದ್ದರೆ ಸೆಕೆಂಡಿಗೆ ಹಳೆಯ ಅರವತ್ತು ಚಿತ್ರದಲ್ಲೇ ತೆವಳುತ್ತದೆ. ಅರ್ಧ ಊರು ಮಾಡುವ ತಪ್ಪು ಅದು. ಅವಳು ಮುದುಕನ ವಿಳಾಸ ಕೇಳಿಕೊಂಡು, ರುಫಿನೊಗೆ ಮಳಿಗೆ ನೋಡಿಕೊಳ್ಳಲು ಹೇಳಿ, ಹುಡುಗನಿಗೆಂದು ಬಿಸಿ ಪಿಕರೋನ್ ಸಿಹಿತಿಂಡಿ ಕಟ್ಟಿಸಿಕೊಂಡು ಬಸ್ಸು ಹತ್ತಿದಳು.

ಪಾಕ ಸುರಿದ ಕರಿದ ಬಳೆಗಳನ್ನು ನೋಡಿ ಮುದುಕ ಗಾಬರಿಯಾದ. "ಅಯ್ಯೋ, ಇದು ಟೆಯೋಗೆ ಆಗಲ್ಲ! ಡಾಕ್ಟರ್ ನನ್ನ ಚರ್ಮ ಸುಲೀತಾರೆ." ಎಂದವನೇ ತಾನೇ ಒಂದನ್ನು ಬಾಯಿಗೆ ಹಾಕಿಕೊಂಡ.

"ಎಲ್ಲಿ ನಿಮ್ಮ ರಾಜಕುಮಾರ?"

"ಹಿತ್ತಿಲಲ್ಲಿ ಬಿಸಿಲು ಕಾಯಿಸ್ತಿದ್ದಾನೆ. ಹೊಸಬರನ್ನ ಕಂಡರೆ ಸಿಡುಕು. ನೀವು ಮೊದಲು ಇದನ್ನ ನೋಡಿ."

ಮಗಳು ಬಿಟ್ಟುಹೋಗಿದ್ದ ಕಂಪ್ಯೂಟರು ಗಟ್ಟಿಮುಟ್ಟಾಗಿತ್ತು. ವಯರು ಸರಿ ಇತ್ತು. ಸೆಟ್ಟಿಂಗ್ ತೆರೆದರೆ, ಅವಳು ಅಂದುಕೊಂಡಂತೆಯೇ, ಅರವತ್ತು. ಇನ್ನೂರ ನಲವತ್ತನ್ನು ಒತ್ತಿದಳು. ಪರದೆ ಒಮ್ಮೆ ಕಪ್ಪಾಗಿ ಬೆಳಗಿತು. ಅಳಿಯ ಕಳಿಸಿದ ಚಿತ್ರ ಹಚ್ಚಿದಳು. ಅಡುಗೆಮನೆಯಲ್ಲಿ ದುಂಡು ಮುಖದ ಹೆಂಗಸೊಬ್ಬಳು ಜೋಳ ಬಿಡಿಸುತ್ತ ತಲೆಯೆತ್ತಿ ನಕ್ಕಳು. ಎದ್ದು ಬಂದು ಕೈ ಹಿಡಿಯುತ್ತಾಳೇನೋ ಎನ್ನುವಷ್ಟು ನಿಜವಾಗಿತ್ತು.

"ಟೆಯೋ, ಬಾರೋ ಕಂದಾ, ಊಟ ಮಾಡು!" ಎಂದಳು ಪರದೆಯ ಎರ್ಮೆಲಿಂಡಾ.

ಅಬುಂಡಿಯೊ ಹಿತ್ತಿಲಿಗೆ ಓಡಿದ. ಫ್ಲೋರ್ಮಿರಾ ಬಾಗಿಲತ್ತ ತಿರುಗಿ, ಸೊರಗಿದ ಹುಡುಗನನ್ನು ಮಾತಾಡಿಸಲು ನಗು ತಂದುಕೊಂಡು ನಿಂತಳು.

ಮುದುಕನ ಹೆಗಲಿನಿಂದ ಟೆಯೋ ರೆಕ್ಕೆ ಬಡಿಯುತ್ತ ಹಾರಿ ಬಂದು ಪರದೆಯ ಮುಂದಿಳಿದ, "ಬಂದ್ಯಾ ಮುದುಕಿ, ಬಂದ್ಯಾ!" ಎಂದು ಮನೆ ಹಾರಿಹೋಗುವಂತೆ ಕಿರುಚಿದ, ಹಸಿರು ಪುಕ್ಕವನ್ನೆಲ್ಲ ಒಮ್ಮೆ ಕೊಡವಿ ಕಾಳಿನ ಬಟ್ಟಲಿಗೆ ಕೊಕ್ಕು ಹಾಕಿದ.