ಹೆರಿಗೆ ಕೋಣೆಯ ಗೂಟಗಳು

ಇದನ್ನು ಹೇಳುವ ಅಧಿಕಾರ ನನಗಿದೆಯೋ ಇಲ್ಲವೋ, ತಿಳಿಯದು. ನಾನು ಲುದ್ವಿನಾಳ ಕುಲದವನಲ್ಲ. ಆ ದಿನ ಅಳತೆ ಟೇಪಿನ ಒಂದು ತುದಿ ಹಿಡಿದಿದ್ದೆ, ಅಷ್ಟೆ. ಎಲ್ಲಾದರೂ ತಪ್ಪಿದರೆ ಬಲ್ಲವರು ಮನ್ನಿಸಬೇಕು.

ಬೂಗನ್‌ವಿಲ್ ದ್ವೀಪದ ಯುದ್ಧದಲ್ಲಿ ಸುಟ್ಟುಹೋದ ನಮ್ಮ ಬೆಟ್ಟದ ಆಸ್ಪತ್ರೆಯನ್ನು ಮತ್ತೆ ಕಟ್ಟಲು ಬಾಸಿಲ್ ಗೂಟ ಹೊಡೆಸುತ್ತಿದ್ದ. ಯುದ್ಧದಲ್ಲಿ ಅವನು ಬಂಡುಕೋರರ ಮುಖಂಡ, ಈಗ ನಾವೇ ಆರಿಸಿದ ಪ್ರತಿನಿಧಿ. ನೆಲ ಲುದ್ವಿನಾಳದು. ನಮ್ಮಲ್ಲಿ ನೆಲ ಹೆಣ್ಣಿನದು, ಸಭೆಯಲ್ಲಿ ಮಾತು ಅವಳ ಅಣ್ಣನದು. ಅವಳು ಮರದ ಕೆಳಗೆ ಅಡಿಕೆ ಜಗಿಯುತ್ತ ಕೂತಿದ್ದಳು. ಅಣ್ಣ ಸೆಲ್ಸಸ್ ಜಗಳಕ್ಕೆ ನಿಂತಿದ್ದ.

"ಸುಟ್ಟವರೇ ಕಟ್ಟೋಕೆ ಬಂದಿದ್ದಾರೆ. ಬಾಗಿಲಿಗೆ ನಿಮ್ಮ ಪಕ್ಷದ ಬಣ್ಣವೇ ಏನು?"

"ಬಣ್ಣ ನೀನೇ ಬಳಿ ಮಾರಾಯ. ಈ ವಾರ ಜಾಗ ಸಿಗದಿದ್ರೆ ಆಸ್ಪತ್ರೆ ಕಡಲ ಕಡೆಯವರಿಗೆ ಹೋಗುತ್ತೆ. ಆಮೇಲೆ ನಿಮ್ಮ ಬಸುರಿಯರನ್ನ ಹೊತ್ಕೊಂಡು ಬೆಟ್ಟ ಇಳೀರಿ," ಎಂದ ಬಾಸಿಲ್.

"ನಿಮ್ಮ ಯುದ್ಧದಲ್ಲೂ ಹಾಗೇ ಇಳಿದಿದ್ವಿ."

"ಹೂಂ, ನಿಮ್ಮವರು ಸೈನ್ಯದ ಅನ್ನ ತಿಂತಾ ಇದ್ರಲ್ಲ, ಆಗ."

ಲುದ್ವಿನಾಳ ಮಗ ಪಿಯಸ್ ಬಂಡುಕೋರರ ವಿರುದ್ಧ ಸರ್ಕಾರಿ ಸೈನ್ಯದ ಕಡೆಗಿದ್ದ. ಒಂದು ಬೆಳಗ್ಗೆ ಬಾಸಿಲ್‌ನ ಹುಡುಗರು ಅವನನ್ನು ಕರೆದುಕೊಂಡು ಹೋದರು; ಹೆಣವೂ ಸಿಗಲಿಲ್ಲ. ಶಾಂತಿಯಾದ ಮೇಲೆ ಎರಡೂ ಕಡೆಯವರು ಒಟ್ಟಿಗೆ ಅಡಿಕೆ ಜಗಿದು, ಹಗೆ ಮುಗಿದ ಗುರುತಿಗೆ ಒಂದು ಕಲ್ಲನ್ನು ಮಣ್ಣಿನಲ್ಲಿ ಹೂತೆವು. ಹಳೆಯದನ್ನು ಯಾರೂ ಯಾರನ್ನೂ ಕೇಳಬಾರದು ಎಂದು ನಮ್ಮೂರಿನಲ್ಲಿ ಮಾತಾಯಿತು.

ಲುದ್ವಿನಾ ಅಣ್ಣನ ಕಿವಿಯಲ್ಲಿ ಏನೋ ಅಂದಳು. ಅವನು ಕಹಿ ನುಂಗಿದವನಂತೆ, "ತಂಗಿ ಜಾಗ ಕೊಡ್ತಾಳಂತೆ," ಎಂದ. ಅವಳು ಮತ್ತೇನೋ ಅಂದಳು.

"ಅದನ್ನ ನಾನು ಹೇಳಲ್ಲ," ಎಂದ ಸೆಲ್ಸಸ್. "ಕಲ್ಲು ಹೂತಿದ್ದೀವಿ ತಾಯಿ. ಹಳೇ ಹಗೆ ಮತ್ತೆ ಶುರುವಾಗುತ್ತೆ."

"ಹಾಗಾದ್ರೆ ಪಕ್ಕಕ್ಕೆ ಸರಿ." ಅವಳು ಎದ್ದು, ಉಗುಳಿ, ಬಾಯಿ ಒರೆಸಿಕೊಂಡಳು. "ಬಾಸಿಲ್, ನಾನೇನೂ ಕೇಳ್ತಾ ಇಲ್ಲ. ಗೂಟ ಎಲ್ಲಿ ಬೇಕಾದ್ರೂ ಹೊಡಿ. ನನ್ನ ಮಗನ ಮೇಲೆ ಮಾತ್ರ ಗೋಡೆ ಬೇಡ. ಎಲ್ಲಿ ಬೇಡ ಅನ್ನೋದು ನಿನಗೇ ಗೊತ್ತಿರಬೇಕು."

ಬಾಸಿಲ್‌ನ ಹಿಂದೆ ಅವನ ಹಳೆಯ ಸಂಗಡಿಗರು ಇಬ್ಬರು ನಿಂತಿದ್ದರು. ಒಬ್ಬ ಮೆಲ್ಲಗೆ, "ನಡಿ ಅಣ್ಣ, ಕಡಲ ಕಡೆಯವರೇ ವಾಸಿ. ಇಲ್ಲಿ ಬಾಯಿ ಬಿಟ್ರೆ ನಾವೂ ಸಿಕ್ಕಿಬೀಳ್ತೀವಿ," ಎಂದ. ಬಾಸಿಲ್ ಅವನ ಕಡೆ ತಿರುಗಲಿಲ್ಲ. ಹೆರಿಗೆ ಕೋಣೆಗೆಂದು ಗುರುತು ಮಾಡಿದ್ದ ಮೂಲೆಗೆ ಹೋಗಿ ಎರಡು ಗೂಟ ಕಿತ್ತ. ತಂದು ಇಳಿಜಾರಿನ ಈಚೆ ಇಟ್ಟ.

"ಅಲ್ಲಿ ಮಣ್ಣು ಸಡಿಲ, ಅಮ್ಮ. ಗೋಡೆ ನಿಲ್ಲಲ್ಲ."

ಸೆಲ್ಸಸ್ ಕಲ್ಲೊಂದನ್ನು ಎತ್ತಿಕೊಂಡು, ಹೊಸ ಜಾಗದಲ್ಲಿ ಗೂಟಗಳನ್ನು ತಾನೇ ಹೊಡೆಯತೊಡಗಿದ. ಲುದ್ವಿನಾ ಆ ಮೂಲೆಗೆ ಹೋಗಿ ಕೂತಳು. ಗೂಟ ಕಿತ್ತ ತೂತಿನ ಮೇಲೆ ಅಂಗೈ ಇಟ್ಟಳು.

ಆಸ್ಪತ್ರೆ ಎದ್ದಿದೆ. ಆ ಮೂಲೆಯನ್ನು ಯಾರೂ ಅಗೆದು ನೋಡಿಲ್ಲ. ಅಲ್ಲಿ ಪಿಯಸ್ ಇದ್ದಾನೋ, ಮಣ್ಣು ನಿಜಕ್ಕೂ ಸಡಿಲವಿತ್ತೋ, ಇಲ್ಲಾ ಮುದುಕಿಗೆ ಕೂತು ಅಳಲು ಒಂದು ಜಾಗವಿರಲಿ ಎಂದು ಬಾಸಿಲ್‌ಗೆ ಅನಿಸಿತೋ, ನನಗೆ ಗೊತ್ತಿಲ್ಲ.