ಗಂಡಸಿನ ಕಾಲು

ಬಳ್ಳಾರಿಯ ಆ ಜೀನ್ಸ್ ಕಾರ್ಖಾನೆಯ ಗೇಟು ಎಂದಿನಂತೆ ಒಳಬಂದವರ ಮೈಯನ್ನು ಒಂದೊಂದೇ ಅಂಗವಾಗಿ ಅಳೆದು, ದಿನದ ಕೂಲಿಯನ್ನು ಕೂಗಿ ಹೇಳುತ್ತಿತ್ತು. ಹುಲಿಗೆಮ್ಮನ ಕೃತಕ ಕಾಲು ಹಿಂದಿನ ದಿನ ಮುರಿದಿತ್ತು. ಹೆಂಗಸರ ಅಳತೆಯದು ಸಿಗದೆ ಆಸ್ಪತ್ರೆಯ ಸ್ಟೋರಿನವರು ಗಂಡಸಿನದೊಂದನ್ನು ಕೊಟ್ಟಿದ್ದರು.

"ಬಲಗಾಲು ಗಂಡಸು, ಪೂರ್ತಿ ಕೂಲಿ," ಎಂದಿತು ಗೇಟು. "ಉಳಿದದ್ದು ಹೆಂಗಸು, ಅರ್ಧ. ಅಂಗವಿಕಲೆ, ಅರ್ಧದಲ್ಲೂ ಅರ್ಧ."

"ಹೊಲಿಯೋದು ನನ್ನ ಕೈಯಪ್ಪ, ಈ ಕಾಲಲ್ಲ," ಎಂದಳು ಸೂಪರ್‌ವೈಸರ್ ಎರ್ರಿಸ್ವಾಮಿಗೆ.

"ಗೇಟು ಹೇಳಿದ್ದಕ್ಕ ನಾನೇನು ಮಾಡ್ಲಿ ಅಕ್ಕಾ? ಹೋಗಿ ಕುಂದ್ರು."

ಹೋಗಿ ಕೂತಳು. ಸೂಜಿಗೆ ದಾರ ಪೋಣಿಸಿದಳು, ಬಿಚ್ಚಿದಳು, ಮತ್ತೆ ಪೋಣಿಸಿದಳು. ಕೈ ಕೆಲಸಕ್ಕೆ ಬಗ್ಗಲೇ ಇಲ್ಲ. ಮೊಣಕಾಲಿನ ಕೆಳಗೆ ಆ ಕಾಲು ಮಾತ್ರ ಸುಮ್ಮನೆ ಇದ್ದುಕೊಂಡೇ ಪೂರ್ತಿ ಕೂಲಿ ದುಡಿಯುತ್ತಿತ್ತು.

ಮಧ್ಯಾಹ್ನ ಎರ್ರಿಸ್ವಾಮಿ ಬಂದಾಗ ಮಿಷನ್ನಿನ ಮುಂದೆ, ಅವಳ ಸ್ಟೂಲಿನ ಮೇಲೆ, ಕಾಲೊಂದೇ ನೆಟ್ಟಗೆ ನಿಂತಿತ್ತು. ಹುಲಿಗೆಮ್ಮ ಪಕ್ಕದ ಬಟ್ಟೆ ರಾಶಿಗೆ ಒರಗಿ ಚಹಾ ಕುಡಿಯುತ್ತಿದ್ದಳು.

"ಇದೇನಕ್ಕಾ? ಒಂದು ಪ್ಯಾಂಟೂ ಹೊಲಿದಿಲ್ಲಲ್ಲ."

"ನನ್ನೇನು ಕೇಳ್ತಿ? ಪೂರ್ತಿ ಕೂಲಿಯವ ಅಲ್ಲಿ ಅದಾನಲ್ಲ, ಅವನ್ನ ಕೇಳು."